ಬೆಲೆ ತಂದೆಗೆ, ಬಂಧನ ಮಕ್ಕಳಿಗೆ?

ಒಂದು ಹೊಲದ ಮೇಲೆ ಯಾರಿಗೆ ಹಕ್ಕಿದೆ? ಇಂದು ಉಳುವವನಿಗೆ ಮಾತ್ರವೇ, ಅಥವಾ ಇನ್ನೂ ಹುಟ್ಟಿರದ ಅವನ ಮೊಮ್ಮಕ್ಕಳಿಗೂ ಇದೆಯೇ? ಅಮೇರಿಕದ ಅನೇಕ ರೈತ ಕುಟುಂಬಗಳು ಒಪ್ಪಿಕೊಂಡಿರುವ ಒಂದು ವ್ಯವಸ್ಥೆಯು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ನ್ಯೂಯಾರ್ಕ್ ನಗರದ ಪೂರ್ವಕ್ಕೆ ಸಫೋಕ್ ಕೌಂಟಿ ಎಂಬ ಪ್ರದೇಶವಿದೆ. ಆಲೂಗಡ್ಡೆ ಬೆಳೆಗೆ ಹೆಸರಾಗಿದ್ದ ಅಲ್ಲಿನ ಹೊಲಗಳು ಎರಡನೇ ಮಹಾಯುದ್ಧದ ಬಳಿಕ ಒಂದೊಂದಾಗಿ ಮನೆ ನಿವೇಶನಗಳಾಗತೊಡಗಿದವು. ಇದನ್ನು ತಡೆಯಲು ಅಲ್ಲಿನ ಸ್ಥಳೀಯ ಆಡಳಿತವು 1974ರಲ್ಲಿ ಕಾನೂನು ಮಾಡಿತು. ಅದರಂತೆ ರೈತನು ಭೂಮಿಯನ್ನು ಮಾರುವುದಿಲ್ಲ. ಅದರಲ್ಲಿ ಬಡಾವಣೆ ಕಟ್ಟುವ ಹಕ್ಕನ್ನು ಮಾತ್ರ ಮಾರುತ್ತಾನೆ. ನಿವೇಶನವಾಗಿ ನೂರು ಬೆಲೆಬಾಳುವ ಭೂಮಿಯು ಬೇಸಾಯಕ್ಕೆ ಮೂವತ್ತು ಬೆಲೆಬಾಳುವುದಾದರೆ, ಉಳಿದ ಎಪ್ಪತ್ತು ಅವನ ಕೈ ಸೇರುತ್ತದೆ. ಇತರ ರಾಜ್ಯಗಳಲ್ಲಿಯೂ ಇಂತಹ ಯೋಜನೆಗಳು ಬಂದವು. ಕ್ಯಾಲಿಫೋರ್ನಿಯಾದ ಮರಿನ್ ಪ್ರದೇಶದಲ್ಲಿ ಇದಕ್ಕಾಗಿಯೇ 1980ರಲ್ಲಿ ಒಂದು ಟ್ರಸ್ಟ್ ಸ್ಥಾಪನೆಯಾಯಿತು. 'ಕನ್ಸರ್ವೇಶನ್ ಈಸ್‌ಮೆಂಟ್' ಎಂಬ ಈ ಕರಾರು ಸಾಮಾನ್ಯವಾಗಿ ಶಾಶ್ವತವಾದುದು. ಭೂಮಿಯನ್ನು ಉಳಬಹುದು, ಮಾರಬಹುದು, ಮಕ್ಕಳಿಗೆ ಬಿಡಬಹುದು. ಆದರೆ ಅದು ಯಾರ ಕೈಗೆ ಹೋದರೂ ನಿರ್ಬಂಧವು ಅದರೊಂದಿಗೇ ಹೋಗುತ್ತದೆ.

ಇದು ನಮಗೆ ವಕ್ಫನ್ನು ನೆನಪಿಸುತ್ತದೆ. ಹಝ್ರತ್ ಉಮರ್(ರ)ರಿಗೆ ಖೈಬರ್‌ನಲ್ಲಿ ಭೂಮಿ ದೊರೆತಾಗ ಅವರು ಪ್ರವಾದಿ(ಸ)ಯವರ ಸಲಹೆ ಕೇಳಿದರು. ಮೂಲವನ್ನು ಉಳಿಸಿಕೊಂಡು ಫಲವನ್ನು ದಾನ ಮಾಡುವ ದಾರಿಯನ್ನು ಪ್ರವಾದಿ(ಸ) ತೋರಿಸಿದರು. ಆ ಭೂಮಿಯನ್ನು ಮಾರುವಂತಿರಲಿಲ್ಲ, ಅದು ಉತ್ತರಾಧಿಕಾರಕ್ಕೂ ಒಳಪಡುತ್ತಿರಲಿಲ್ಲ. ಹಾಗಾದರೆ ಒಂದು ತಲೆಮಾರು ಮುಂದಿನ ತಲೆಮಾರುಗಳ ಕೈ ಕಟ್ಟುವುದು ಸ್ವತಃ ಅನ್ಯಾಯವಲ್ಲ.

ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಉಮರ್(ರ) ಬೆಲೆ ಪಡೆಯಲಿಲ್ಲ. ಅದರ ಫಲದಲ್ಲಿ ಬಡವರಿಗೂ ಬಂಧುಗಳಿಗೂ ಪ್ರಯಾಣಿಕರಿಗೂ ಪಾಲಿಟ್ಟರು. ಇಲ್ಲಾದರೋ ಬೆಲೆ ಪಡೆಯುವವನು ತಂದೆ, ನಿರ್ಬಂಧವನ್ನು ಹೊರುವವರು ಮಕ್ಕಳು. ಇನ್ನೊಂದು ಘಟನೆಯೂ ಇದೆ. ಸಅದ್ ಬಿನ್ ಅಬೀ ವಕ್ಕಾಸ್(ರ) ತಮ್ಮ ಸಂಪತ್ತಿನ ಬಹುಪಾಲನ್ನು ದಾನವಾಗಿ ವಸಿಯ್ಯತ್ ಮಾಡಲು ಬಯಸಿದಾಗ ಪ್ರವಾದಿ(ಸ) ಅದನ್ನು ಮೂರನೇ ಒಂದು ಭಾಗಕ್ಕೆ ಸೀಮಿತಗೊಳಿಸಿದರು. ವಾರಸುದಾರರನ್ನು ಇತರರ ಮುಂದೆ ಕೈಚಾಚುವಂತೆ ಬಿಟ್ಟುಹೋಗಬಾರದೆಂಬ ಕಾಳಜಿ ಅದರ ಹಿಂದಿತ್ತು. ಪುಣ್ಯ ಕಾರ್ಯಕ್ಕೂ ವಾರಸುದಾರರ ಹಿತದ ಮಿತಿ ಇದೆಯೆಂದಾದರೆ ವ್ಯಾಪಾರಕ್ಕೆ ಇಲ್ಲದಿರುವುದೇ?

ಆದ್ದರಿಂದ ಹೊಲ ಉಳಿಯಿತು ಎಂಬುದಷ್ಟೇ ಸಾಲದು, ಬಂದ ಹಣ ಏನಾಯಿತು ಎಂದೂ ಕೇಳಬೇಕು. ಅದರಿಂದ ಸಾಲ ತೀರಿದರೆ, ಬಾವಿ, ಕೊಟ್ಟಿಗೆಗಳು ಸುಧಾರಿಸಿದರೆ, ಬೇಸಾಯ ಬಯಸದ ಮಗನಿಗೂ ಮಗಳಿಗೂ ಅವರ ಪಾಲು ಮುಟ್ಟಿದರೆ ಅದು ಅಮಾನತ್ತಿನ ರಕ್ಷಣೆ. ಅದು ತಂದೆಯ ಆಡಂಬರಕ್ಕೆ ಕರಗಿದರೆ, ಹಸಿರು ಹೊಲ ಕಣ್ಣೆದುರಿಗಿದ್ದರೂ ಮಕ್ಕಳ ಪಾಲು ನಷ್ಟವಾದಂತೆಯೇ.

ಭೂಮಿಯ ನಿಜವಾದ ಒಡೆಯನು ಅಲ್ಲಾಹನು. ನಾವು ಅದರ ಮೇಲ್ವಿಚಾರಕರು ಮಾತ್ರ. ಮುಂದಿನವರನ್ನು ಬಂಧಿಸುವ ಕಾಗದಕ್ಕೆ ಸಹಿ ಹಾಕುವ ಮುನ್ನ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಕೂರಿಸಿ ಸಮಾಲೋಚಿಸುವುದು ಮೇಲ್ವಿಚಾರಕನ ಮೊದಲ ಕರ್ತವ್ಯ.