ಸೈಕಲ್ ಅಪಘಾತ: ಹಣೆಬರಹವೋ, ಹೊಣೆಯೋ

ಲಾರಿಯೋ ಕಾರೋ ಸೈಕಲ್ ಸವಾರನಿಗೆ ಗುದ್ದಿದಾಗ ಎರಡು ಪ್ರಶ್ನೆಗಳು ಒಟ್ಟಿಗೇ ಏಳುತ್ತವೆ: ಹೀಗೇಕಾಯಿತು, ಇದಕ್ಕೆ ಯಾರು ಹೊಣೆ. ಮೊದಲನೆಯದಕ್ಕೆ ಊರಿನಲ್ಲಿ ಉತ್ತರ ಸಿದ್ಧವಾಗಿರುತ್ತದೆ: ಹಣೆಬರಹ, ಗ್ರಹಚಾರ, ಪೂರ್ವಜನ್ಮದ ಕರ್ಮ. ನೊಂದವರಿಗೆ ಅದರಿಂದ ಸಮಾಧಾನ ಸಿಗಬಹುದು. ಅದೇ ಮಾತನ್ನು ಗುದ್ದಿದವರ ಕಡೆಯವರು ರಾಜಿಗೆ ಕೂತು ಆಡತೊಡಗಿದರೆ ತೊಡಕು.

ಶಾಸ್ತ್ರಗಳು ದೈವಕ್ಕೆ ಅಷ್ಟು ದೊಡ್ಡ ಜಾಗ ಕೊಟ್ಟಿಲ್ಲ. ಭಗವದ್ಗೀತೆಯ 18ನೇ ಅಧ್ಯಾಯ ಯಾವುದೇ ಕೆಲಸಕ್ಕೆ ಐದು ಕಾರಣಗಳನ್ನು ಎಣಿಸುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ತಾನೊಬ್ಬನೇ ಕರ್ತೃ ಎಂದುಕೊಳ್ಳುವವನು ಅರಿವುಗೇಡಿ ಎನ್ನುತ್ತದೆ, ನಿಜ. ಆದರೆ ಎಲ್ಲವನ್ನೂ ಐದನೆಯದರ ತಲೆಗೆ ಕಟ್ಟಲು ಅಲ್ಲಿ ಆಧಾರವಿಲ್ಲ.

ರಸ್ತೆಗೆ ಇನ್ನೂ ಹತ್ತಿರವಾದದ್ದು ಜೈನರ ವಿಚಾರ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಅದರೊಳಗೇ ಸೇರಿಸುತ್ತದೆ. ಮುನಿಗಳಿಗೆ ಹೇಳಿದ ಈರ್ಯಾಸಮಿತಿ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡೇ ಹೆಜ್ಜೆಯಿಡುವ ನಿಯಮ. ಕುಂದಕುಂದರ ಪ್ರವಚನಸಾರ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಎಚ್ಚರಗೇಡಿಗೆ ಜೀವ ಸತ್ತರೂ ಸಾಯದಿದ್ದರೂ ಹಿಂಸೆಯ ದೋಷ ತಪ್ಪದು, ಎಚ್ಚರದಿಂದ ನಡೆದವನಿಗೆ ಬರಿಯ ಪ್ರಾಣಹಾನಿಯಿಂದ ಬಂಧವಿಲ್ಲ. ಮೊಬೈಲ್ ನೋಡುತ್ತ ಕಾರು ಓಡಿಸಿದವನು ಯಾರಿಗೂ ತಾಗದೆ ಮನೆ ಸೇರಿದರೂ ಈ ಲೆಕ್ಕದಲ್ಲಿ ತಪ್ಪಿತಸ್ಥ.

ಹಾಗಾದರೆ ಎಚ್ಚರವಾಗಿಯೇ ಓಡಿಸುತ್ತಿದ್ದವನ ಟಯರ್ ಸಿಡಿದರೆ? ಪಾಪವಿಲ್ಲದಿದ್ದರೂ ಋಣ ಉಳಿಯುತ್ತದೆಯೇ? ಬ್ರಿಟಿಷ್ ದಾರ್ಶನಿಕ ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ ಇದನ್ನೇ ಎತ್ತಿದರು. ತನ್ನ ತಪ್ಪಿಲ್ಲದೆ ಮಗುವಿನ ಮೇಲೆ ಲಾರಿ ಹರಿಸಿದ ಚಾಲಕನಿಗಾಗುವ ಸಂಕಟ, ದಾರಿಯಲ್ಲಿ ನಿಂತು ನೋಡಿದವರ ಸಂಕಟದಂತಲ್ಲ. ಆ ಭಾರ ಅವನಿಗೆ ಇರಬೇಕಾದದ್ದೇ ಎಂಬುದು ಅವರ ನಿಲುವು. ಭಾರತದ ನ್ಯಾಯಾಲಯವೂ ಬೇರೆ ದಾರಿಯಿಂದ ಇಲ್ಲಿಗೇ ಬಂದಿತು. ಟಯರ್ ಸಿಡಿದು ಮಗುಚಿದ ಜೀಪು ಪಾದಚಾರಿಯೊಬ್ಬರನ್ನು ಬಲಿತೆಗೆದುಕೊಂಡ ಪ್ರಕರಣದಲ್ಲಿ, ಚಾಲಕನ ನಿರ್ಲಕ್ಷ್ಯವಿಲ್ಲವೆಂದು ಕೆಳಗಿನ ನ್ಯಾಯಮಂಡಳಿ ಅರ್ಜಿಯನ್ನು ತಳ್ಳಿಹಾಕಿತ್ತು. 2001ರಲ್ಲಿ ಸುಪ್ರೀಂ ಕೋರ್ಟ್, ಅಪಾಯಕಾರಿ ವಸ್ತುವನ್ನು ಬಳಸುವವನೇ ಅದರ ಹಾನಿಯನ್ನು ತುಂಬಬೇಕೆಂಬ 1868ರ ಇಂಗ್ಲಿಷ್ ತತ್ತ್ವವನ್ನು ಹಿಡಿದು ಪರಿಹಾರ ಕೊಡಿಸಿತು. ನೆದರ್ಲೆಂಡ್ಸ್‌ನಲ್ಲಿ ಇದು ಶಾಸನವೇ ಆಗಿದೆ: ಮೋಟಾರು ವಾಹನ ಸೈಕಲ್‌ಗೆ ಗುದ್ದಿದರೆ, ತಡೆಯಲಾಗದ ಪರಿಸ್ಥಿತಿಯಿತ್ತೆಂದು ತೋರಿಸದ ಹೊರತು ವಾಹನದವನೇ ಹೊಣೆ.

ಮೋಟಾರು ವಾಹನ, ಸೈಕಲ್ ಎರಡೂ ತಪ್ಪು ಮಾಡಬಲ್ಲವಾದರೂ ಸೈಕಲ್‌ನ ತಪ್ಪಿನಿಂದ ಸಾಯುವವನು ಬಹುಮಟ್ಟಿಗೆ ಸೈಕಲ್ ಸವಾರನೇ. ಅಪಾಯವನ್ನು ರಸ್ತೆಗೆ ತಂದವನು ನಷ್ಟವನ್ನೂ ಹೊರಬೇಕು ಎಂಬ ವಾದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ. ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿರುವುದರಿಂದ ಆ ಹೊರೆ ಒಬ್ಬನ ಮನೆಯನ್ನು ಮುಳುಗಿಸುವುದೂ ಇಲ್ಲ.

ಮೋಟಾರು ವಾಹನ ಕಾಯ್ದೆಯಲ್ಲಿ ಈ ವಿಚಾರದ ಎರಡೂ ಎಳೆಗಳಿವೆ. 164ನೇ ಕಲಮಿನಂತೆ, ತಪ್ಪು ಯಾರದೆಂದು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ. ಹೆಚ್ಚಿನ ಪರಿಹಾರ ಬೇಕಿದ್ದರೆ 166ನೇ ಕಲಮಿನಡಿ ನಿರ್ಲಕ್ಷ್ಯವನ್ನು ತೋರಿಸಬೇಕು. ಅಲ್ಲಿ ದೀಪವಿಲ್ಲದ ಸೈಕಲ್, ಎದುರುದಿಕ್ಕಿನ ಸವಾರಿ ಪರಿಹಾರವನ್ನು ಇಳಿಸಬಹುದು. ಸೈಕಲ್ ಸವಾರನಿಗೆ ಈ ಕಾಯ್ದೆ ಹೆಲ್ಮೆಟ್ ಕಡ್ಡಾಯ ಮಾಡಿಲ್ಲ, ಹಾಕಿಕೊಳ್ಳುವುದು ಜಾಣತನ. ಗುದ್ದಿ ಓಡಿಹೋದ ವಾಹನ ಸಿಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪ್ರತ್ಯೇಕ ಯೋಜನೆಯಿಂದ ಬರುತ್ತದೆ. ಎಫ್‌ಐಆರ್, ಸ್ಥಳದ ಮಹಜರು, ಆಸ್ಪತ್ರೆಯ ಗಾಯದ ಪ್ರಮಾಣಪತ್ರ ಇಲ್ಲದೆ ಯಾವ ಅರ್ಜಿಯೂ ಸುಲಭವಾಗಿ ನಿಲ್ಲದು. 166ರ ಅರ್ಜಿಗೆ ಕಾಯ್ದೆ ಇಟ್ಟಿರುವ ಗಡುವು ಅಪಘಾತದಿಂದ ಆರು ತಿಂಗಳು.