ಕಣ್ಣು ಕಟ್ಟಿಕೊಂಡು ಓದುವ ಮಗು

ಧ್ಯಾನ ಮತ್ತು ಕಲ್ಪನೆಯಿಂದ ನಿಮ್ಮ ಮಗುವಿಗೆ ಅಪೂರ್ವ ಮನಃಶಕ್ತಿ ಬರಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಏನು ಮಾಡುವಿರಿ? ಶಿವನಿಯಲ್ಲಿ ರೈಲು ಹತ್ತಿ, ಪಟ್ಟಣಕ್ಕೆ ಹೋಗಿ ಹಣ ಕಟ್ಟುವಿರಾ? ಮಗುವಿನ ಏಳಿಗೆ ಬಯಸುವುದು ತಪ್ಪಲ್ಲ. ಆದರೆ ಒಂದು ಕ್ಷಣ ಯೋಚಿಸಿ.

2010ರ ದಶಕದಲ್ಲಿ ‘ಮಿಡ್‌ಬ್ರೇನ್ ಆಕ್ಟಿವೇಶನ್’ ಎಂಬ ತರಗತಿಗಳು ನಮ್ಮ ರಾಜ್ಯದಲ್ಲೂ ಹರಡಿದವು. ನಡುಮಿದುಳು ಎಚ್ಚೆತ್ತರೆ ಮಗು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಓದುತ್ತದೆ ಎಂಬುದು ಅವುಗಳ ಭರವಸೆ. ಮಕ್ಕಳು ಮೂಗಿನ ಪಕ್ಕದ ಸಂದಿನಿಂದ ನೋಡುತ್ತಾರೆಂದು ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕರು ತೋರಿಸಿಕೊಟ್ಟರು. ಸಂದು ಮುಚ್ಚಿದರೆ ಓದೂ ನಿಲ್ಲುತ್ತದೆ. ನಡುಮಿದುಳು ನಿದ್ರಿಸುವ ಅಂಗವಲ್ಲ. ಕಣ್ಣಿನ ಚಲನೆ ಮೊದಲಾದ ಕೆಲಸಗಳನ್ನು ಅದು ಸದಾ ಮಾಡುತ್ತಿರುತ್ತದೆ.

ಹೋದ ಹಣವನ್ನು ಮತ್ತೆ ದುಡಿಯಬಹುದು. ಮಗುವಿನ ಮನಸ್ಸಾಕ್ಷಿಯ ಗತಿಯೇನು? ತಾನು ಇಣುಕಿ ನೋಡಿದ್ದು ಅದಕ್ಕೆ ಗೊತ್ತು. ಆದರೆ ಅಪ್ಪ ಅಮ್ಮ ಹೆಮ್ಮೆಯಿಂದ ಚಪ್ಪಾಳೆ ತಟ್ಟುವಾಗ ಅದು ನಿಜ ಹೇಳುವುದು ಹೇಗೆ? ಹೆತ್ತವರನ್ನು ಗೌರವಿಸು ಎಂಬ ನಾಲ್ಕನೆಯ ಕಟ್ಟಳೆಯನ್ನು ಪಾಲಿಸಹೋಗಿ, ಸುಳ್ಳಾಡಬೇಡ ಎಂಬ ಎಂಟನೆಯದನ್ನು ಮುರಿಯುತ್ತದೆ. ಆ ಇಕ್ಕಟ್ಟಿಗೆ ಅದನ್ನು ತಳ್ಳುವವರು ನಾವೇ.

ಹಾಗಾದರೆ ಅಪೂರ್ವ ಪ್ರತಿಭೆ ಇಲ್ಲವೇ? ಇದೆ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರು 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳ ಗುಣಲಬ್ಧವನ್ನು 28 ಸೆಕೆಂಡುಗಳಲ್ಲಿ ಹೇಳಿದರು. ಆ ಉತ್ತರವನ್ನು ಯಾರು ಬೇಕಾದರೂ ತಾಳೆ ನೋಡಬಹುದಿತ್ತು.

ಕಲ್ಪನೆಯೂ ದೇವರ ಕೊಡುಗೆಯೇ. ಸಂತ ಲೊಯೋಲದ ಇಗ್ನಾಸಿಯವರ ‘ಆಧ್ಯಾತ್ಮಿಕ ಸಾಧನೆಗಳು’ 1548ರಲ್ಲಿ ಅಚ್ಚಾಯಿತು. ಬೆತ್ಲೆಹೇಮಿನ ದಾರಿಯನ್ನೂ ಗವಿಯನ್ನೂ ಮನಸ್ಸಿನಲ್ಲಿ ಕಾಣಿರಿ ಎಂದು ಅವರು ಅದರಲ್ಲಿ ಕಲಿಸುತ್ತಾರೆ. ಶಕ್ತಿ ಗಳಿಸಲು ಅಲ್ಲ, ಯೇಸುಸ್ವಾಮಿಯನ್ನು ಅರಿತು ಪ್ರೀತಿಸಿ ಹಿಂಬಾಲಿಸಲು. 1989ರಲ್ಲಿ ವ್ಯಾಟಿಕನ್ ಹೊರಡಿಸಿದ ಕ್ರೈಸ್ತ ಧ್ಯಾನದ ಕುರಿತ ಪತ್ರವೂ ಇದನ್ನೇ ನೆನಪಿಸಿತು: ದೇವರ ಅನುಭವ ವರದಾನ, ತಂತ್ರದಿಂದ ದಕ್ಕುವಂಥದ್ದಲ್ಲ. ಸಮಾರಿಯದ ಮಾಂತ್ರಿಕ ಸಿಮೋನನು ಹಣ ಕೊಟ್ಟು ಪವಿತ್ರಾತ್ಮರ ವರವನ್ನು ಕೊಳ್ಳಹೊರಟಾಗ ಪೇತ್ರರು ಗದರಿಸಿದ್ದು ನಿಮಗೆ ನೆನಪಿರಬಹುದು.

ಆದ್ದರಿಂದ ಯಾವುದೇ ತರಗತಿಗೆ ಸೇರಿಸುವ ಮುನ್ನ ಕೇಳಿ: ಇದು ನನ್ನ ಮಗುವನ್ನು ಹೆಚ್ಚು ಸತ್ಯವಂತನನ್ನಾಗಿ, ಹೆಚ್ಚು ಕರುಣೆಯುಳ್ಳವನನ್ನಾಗಿ ಮಾಡುವುದೇ? ಇಂದು ಸಂಜೆ ಜಪಸರ ಮುಗಿದ ಮೇಲೆ ಐದು ನಿಮಿಷ ಅವನೊಂದಿಗೆ ಮೌನವಾಗಿ ಕುಳಿತುಕೊಳ್ಳಿ. ಬಳಿಕ ಶಾಲೆಯಲ್ಲಿ ಏನಾಯಿತೆಂದು ಕೇಳಿ. ಕಡಿಮೆ ಅಂಕ ಬಂದಿದ್ದರೂ ಹೆದರದೆ ನಿಜ ಹೇಳಿದರೆ, ಬೆನ್ನು ತಟ್ಟಿ.