ನೆರವಿಗಾಗಿ ಮುಖ ತೋರಿಸಲೇಬೇಕೇ?

ಮೊಬೈಲಿಗೆ ಒಂದು ಚಿತ್ರ ಬರುತ್ತದೆ. ಕೀಮೋದಿಂದ ಕೂದಲು ಉದುರಿದ ಮಗು, ಪಕ್ಕದಲ್ಲಿ ಅಳುತ್ತಿರುವ ತಾಯಿ, ಕೆಳಗೆ ಬ್ಯಾಂಕ್ ಖಾತೆಯ ಸಂಖ್ಯೆ. ನಮ್ಮ ಕರುಳು ಚುರುಕ್ ಎನ್ನುತ್ತದೆ. ಕೈಲಾದಷ್ಟು ಕಳಿಸುತ್ತೇವೆ, ಹತ್ತು ಮಂದಿಗೆ ಚಿತ್ರವನ್ನು ದಾಟಿಸುತ್ತೇವೆ. ಒಳ್ಳೆಯ ಕೆಲಸವೇ. ಆದರೆ ಆ ಮಗು ಗುಣವಾಗಿ ಶಾಲೆಗೆ ಹೋಗತೊಡಗಿದ ಮೇಲೂ ಚಿತ್ರ ಊರೂರು ಸುತ್ತುತ್ತಲೇ ಇರುತ್ತದೆ. ಸಹಾಯ ಬೇಕಾದವರು ತಮ್ಮ ಸಂಕಟವನ್ನು ಹೀಗೆ ಬೀದಿಯಲ್ಲಿ ಹರಡಲೇಬೇಕೇ?

ಇದಕ್ಕೆ ನಮ್ಮ ಉಡುಪಿ ಜಿಲ್ಲೆಯಲ್ಲೇ ಒಂದು ಉತ್ತರವಿದೆ. ಕಾಪು ತಾಲೂಕಿನ ಕಟಪಾಡಿಯ ರವಿ ಕಟಪಾಡಿ ದಿನಗೂಲಿಯ ಕಟ್ಟಡ ಕಾರ್ಮಿಕರು. ಅಷ್ಟಮಿಯ ದಿನಗಳಲ್ಲಿ ವಿಚಿತ್ರ ವೇಷ ಹಾಕಿ, ಗೆಳೆಯರೊಡನೆ ತಿರುಗಿ, ಕಾಯಿಲೆಬಿದ್ದ ಬಡ ಮಕ್ಕಳ ಚಿಕಿತ್ಸೆಗೆ ವರ್ಷ ವರ್ಷವೂ ಲಕ್ಷಗಟ್ಟಲೆ ರೂಪಾಯಿ ಕೂಡಿಸಿದವರು. 2021ರಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ಯ ವೇದಿಕೆಯ ಮೂಲಕ ದೇಶವೂ ಅವರನ್ನು ಕಂಡಿತು. ಹಣದ ಮೊತ್ತಕ್ಕಿಂತ ನಮ್ಮನ್ನು ತಟ್ಟುವುದು ಅವರು ಹಿಡಿದ ದಾರಿ. ಬಣ್ಣ ಬಳಿದುಕೊಂಡು, ವೇಷದ ಭಾರ ಹೊತ್ತು, ಜನರ ನೋಟಕ್ಕೆ ಒಡ್ಡಿಕೊಂಡವರು ಸಹಾಯ ಕೇಳಹೊರಟವರೇ ಹೊರತು ಕಾಯಿಲೆಯ ಮಗುವಲ್ಲ. ಕೈಚಾಚುವ ಮುಜುಗರವನ್ನು ಇನ್ನೊಬ್ಬರಿಗಾಗಿ ತಾನು ಹೊರುವುದೂ ಒಂದು ದಾನವೇ.

ಚಿತ್ರ ನೋಡಿ ಕೊಡುವ ನಮ್ಮ ರೂಢಿಯಲ್ಲಿ ಇನ್ನೊಂದು ಅನ್ಯಾಯವೂ ಅಡಗಿದೆ. ಮುದ್ದು ಮಗುವಿಗೆ ಹಣ ಬೇಗ ಸೇರುತ್ತದೆ. ಬಾಯಿಯ ಕ್ಯಾನ್ಸರಿನಿಂದ ಮುಖ ವಿಕಾರವಾದ ಐವತ್ತರ ಲಾರಿ ಚಾಲಕನಿಗೆ? ‘ಗುಟ್ಕಾ ತಿಂದವನು, ಅನುಭವಿಸಲಿ’ ಎಂಬ ಮಾತು ಎಷ್ಟು ಸಲೀಸಾಗಿ ಬರುತ್ತದೆ! ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಅದಕ್ಕೆ ಮುಂಚೆ ಅದು ಬೀದಿ ಬೀದಿಯ ಅಂಗಡಿಯಲ್ಲಿ ನೇತಾಡುತ್ತಿದ್ದಾಗ ನಾವು ಸುಮ್ಮನಿರಲಿಲ್ಲವೇ? ಇದೇ ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿದದ್ದು ಹೆಂಗಸರು ಕಟ್ಟಿದ ಬೀಡಿಯ ಮಜೂರಿಯಿಂದ. ತಂಬಾಕಿನ ಹಣ ಉಂಡ ಊರು ತಂಬಾಕಿನ ರೋಗಿಗೆ ಮಾತ್ರ ಬುದ್ಧಿ ಹೇಳಿ ಬಾಗಿಲು ಹಾಕುವುದು ಸರಿಯಲ್ಲ. ಜಾಗೃತಿಯ ಮಾತು ಕಾಯಿಲೆ ಬರುವ ಮುಂಚಿನದು. ಬಂದ ಮೇಲೆ ಬೇಕಾದದ್ದು ಆಸರೆ.

ಜಾಗೃತಿಯೆಂದರೆ ಜಾಥಾ, ಬಣ್ಣದ ರಿಬ್ಬನ್ ಅಷ್ಟೇ ಅಲ್ಲ. ಬಾಯಿಯೊಳಗೆ ವಾಸಿಯಾಗದ ಹುಣ್ಣು, ಎದೆಯಲ್ಲಿ ಗಂಟು ಕಂಡಾಗ ನಾಚಿಕೆಯಿಂದ ಮುಚ್ಚಿಡದೆ ತಕ್ಷಣ ತೋರಿಸುವಂತೆ ಮನೆಮನೆಯಲ್ಲಿ ಹೇಳುವುದು ಜಾಗೃತಿ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆಂದು ತಿಳಿಸಿ, ಕಾಗದಪತ್ರಕ್ಕೆ ಜೊತೆಯಲ್ಲಿ ಓಡಾಡುವುದೂ ಜಾಗೃತಿಯೇ.

ಆದರೂ ಯೋಜನೆಗೆ ಕಾಣದ ಖರ್ಚುಗಳಿವೆ. ಜನ ‘ಕರೆಂಟು ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಹಲವು ವಾರ ನಡೆಯುತ್ತದೆ. ಕಾರ್ಕಳದಿಂದ ಹಿರಿಯಡ್ಕ, ಪರ್ಕಳ ದಾಟಿ ಮಣಿಪಾಲಕ್ಕೆ ದಿನವೂ ಬಸ್ಸು. ರೋಗಿಗೂ ಜೊತೆಗೆ ಬರುವವರಿಗೂ ಆ ದಿನದ ಕೂಲಿಯಿಲ್ಲ. ಮನೆಯಲ್ಲಿ ಅಕ್ಕಿ ಮುಗಿದಿರುತ್ತದೆ. ಇದನ್ನು ತುಂಬಿಕೊಡಲು ಯಾರ ಚಿತ್ರವೂ ಬೇಡ, ನೆರೆಹೊರೆ ಎಚ್ಚರವಿದ್ದರೆ ಸಾಕು.

‘ಚಿತ್ರ ಹಾಕದಿದ್ದರೆ ಜನ ನಂಬುವುದಿಲ್ಲ, ಮೋಸವೂ ನಡೆಯುತ್ತದೆ’ ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ. ಹಾಗಿದ್ದರೆ ಜಮಾಅತ್, ದೇವಸ್ಥಾನ, ಇಗರ್ಜಿ, ಯುವಕ ಮಂಡಲಗಳ ನಂಬಿಕಸ್ಥ ನಾಲ್ಕು ಜನ ಆಸ್ಪತ್ರೆಯ ಕಾಗದಗಳನ್ನು ಪರಿಶೀಲಿಸಲಿ. ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಊರಿಗೆ ಲೆಕ್ಕ ಒಪ್ಪಿಸಲಿ. ಬಯಲಾಗಬೇಕಾದದ್ದು ಲೆಕ್ಕ, ರೋಗಿಯ ಮುಖವಲ್ಲ.

ಕೊಟ್ಟು ಹಂಗಿಸಿ ನೋಯಿಸಿದರೆ ಕೊಟ್ಟದ್ದೇ ವ್ಯರ್ಥ ಎಂಬುದು ಕುರ್‌ಆನಿನ ಎಚ್ಚರಿಕೆ. ಹಂಗಿಸಲು ಮಾತೇ ಬೇಕಾಗಿಲ್ಲ, ಒಂದು ಚಿತ್ರವೂ ಸಾಕು. ಇನ್ನೊಮ್ಮೆ ಅಂಥ ಚಿತ್ರ ಬಂದಾಗ ಹಣ ಕಳಿಸೋಣ. ದಾಟಿಸುವ ಮುನ್ನ ಮಾತ್ರ, ಅದು ನಮ್ಮ ಮಗುವಾಗಿದ್ದರೆ ಏನು ಮಾಡುತ್ತಿದ್ದೆವು ಎಂದು ಒಂದು ಕ್ಷಣ ಕೇಳಿಕೊಳ್ಳೋಣ.